ಹಳೇ ಪಿಕಪ್, ಕಲಬುರಗಿ ಬಿಸಿಲು: ಈವರೆಗಿನ ಕೆಲಸ, ಈವರೆಗಿನ ಖರ್ಚು

ಏಪ್ರಿಲ್

ಗಾಡಿ ಮನೆಗೆ ಬಂದಾಗಲೇ ಅದಕ್ಕೆ ಹತ್ತು ವರ್ಷ. ಡಬಲ್ ಕ್ಯಾಬ್, ಟರ್ಬೊ ಡೀಸೆಲ್, ಹಿಂದೆ ಪಾಟಾ (ಭಾರ ಹೊರುವ ಪಟ್ಟಿ ಸ್ಪ್ರಿಂಗು), ಹಳದಿ ಬೋರ್ಡು. ಕಂಪನಿ ಹೆಸರು ಬೇಡ. ಈ ಸೈಜಿನ ಯಾವ ಪಿಕಪ್ ತಗೊಂಡರೂ ಕೆಡುವ ಜಾಗಗಳು ಹೆಚ್ಚುಕಡಿಮೆ ಇವೇ. ಹಿಂದಿನ ಮಾಲೀಕರು ಶಹಾಬಾದ್ ಕಲ್ಲು ಸಾಗಿಸಿದ್ದಾರೆ ಅಂತ ಯಾರೂ ಹೇಳಬೇಕಾಗಿರಲಿಲ್ಲ, ಬಾಡಿಯ ತಳದ ತಗ್ಗುಗಳೇ ಹೇಳುತ್ತಿದ್ದವು. ನನ್ನ ಕೆಲಸ ಅಷ್ಟು ಭಾರದ್ದಲ್ಲ. ಸುಗ್ಗಿಯಲ್ಲಿ ತೊಗರಿ ಚೀಲ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ತರಬೇಕು, ಉಳಿದಂತೆ ಹೊಲಕ್ಕೆ ಓಡಾಡಬೇಕು.

ಮೊದಲ ತಲೆನೋವು ಹೀಟು. ಹುಮನಾಬಾದ್ ಕಡೆ 50ನೇ ಹೆದ್ದಾರಿ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೇ ಹೀಟ್ ಮೀಟರಿನ ಮುಳ್ಳು ಮೇಲೇರುತ್ತಿತ್ತು. ಹೀಟು ಯಾವಾಗ ಏರುತ್ತದೆ ಅನ್ನೋದನ್ನ ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ನಿಂತಾಗ, ಊರೊಳಗೆ ಮೆಲ್ಲಗೆ ಹೋಗುವಾಗ ಮಾತ್ರ ಏರಿದರೆ ಫ್ಯಾನಿನ ಮೇಲೆ ಅನುಮಾನ. ಜೋರಾಗಿ ಓಡುವಾಗಲೂ ಏರಿದರೆ ರೇಡಿಯೇಟರ್ ಮೇಲೆ. ನಮ್ಮದು ಎರಡೂ ಕಡೆ ಏರುತ್ತಿತ್ತು.

ಗ್ರಿಲ್ ಬಿಚ್ಚಿ, ರೇಡಿಯೇಟರ್ ಮುಂದೆ ಕೂತಿರುವ ಎಸಿ ಕಂಡೆನ್ಸರ್ ಸ್ವಲ್ಪ ಮುಂದಕ್ಕೆ ಎಳೆದೆವು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ತೊಗರಿ ಹೊಟ್ಟು, ಸಿಮೆಂಟ್ ಧೂಳು, ಸತ್ತ ಹುಳ, ಎಣ್ಣೆ ಎಲ್ಲ ಸೇರಿ ಕಂಬಳಿ ಹಾಗೆ ಗಟ್ಟಿಯಾಗಿ ಕೂತಿತ್ತು. ಕೈಯಿಂದ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಮುಂದಿನಿಂದ ನೀರು ಹೊಡೆದು ತೊಳೆಯುವವರಿಗೆ ಇದು ಯಾವತ್ತೂ ಕಾಣೋದಿಲ್ಲ. ಹೊರಗೆ ಕಾಣೋದು ಕಂಡೆನ್ಸರ್, ಅದು ಫಳಫಳ ಅನ್ನುತ್ತಿರುತ್ತದೆ.

ಒಳಗಿನ ಕಥೆ ಇನ್ನೂ ಕೆಟ್ಟದು. ನಮ್ಮ ಕಡೆ ನೆಲದ ಕೆಳಗೆ ಸುಣ್ಣಕಲ್ಲು. ಸೇಡಂ, ವಾಡಿ, ಚಿತ್ತಾಪುರದಲ್ಲಿ ಅಷ್ಟೊಂದು ಸಿಮೆಂಟ್ ಫ್ಯಾಕ್ಟರಿ ಬಂದಿದ್ದೇ ಅದಕ್ಕೆ. ಬೋರ್‌ವೆಲ್ ನೀರು ಗಡುಸು. ಅದನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಿದ್ದಾರೆ. ಮುಚ್ಚಳ ತೆಗೆದರೆ ಬಾಯಿಯ ಸುತ್ತ ಬಿಳಿ ಪದರ. ಅಲ್ಯುಮಿನಿಯಂ ಕೋರು, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕು ಇರುವ ಈ ಕಾಲದ ರೇಡಿಯೇಟರನ್ನು ಹಳೇ ತಾಮ್ರದ್ದರ ಹಾಗೆ ಬಿಚ್ಚಿ ಸರಳು ಹೊಡೆದು ಸ್ವಚ್ಛ ಮಾಡೋಕೆ ಬರೋದಿಲ್ಲ. ಹೊಸದೇ ಗತಿ.

ಮೇ

ಫ್ಯಾನನ್ನು ಇಂಜಿನ್ನಿಗೆ ಜೋಡಿಸುವ ವಿಸ್ಕಸ್ ಕಪ್ಲಿಂಗ್ ಕೂಡ ಹೋಗಿತ್ತು. ಅದರೊಳಗೆ ಸಿಲಿಕಾನ್ ಎಣ್ಣೆ ಇರುತ್ತದೆ. ಬಿಸಿ ಹೆಚ್ಚಾದಾಗ ಆ ಎಣ್ಣೆಯೇ ಹಿಡಿತ ಕೊಟ್ಟು ಫ್ಯಾನನ್ನು ಜೋರಾಗಿ ತಿರುಗಿಸಬೇಕು. ಎಣ್ಣೆ ಸೋರಿಹೋದರೆ ಫ್ಯಾನು ಸುಮ್ನೆ ತಿರುಗುತ್ತದೆ, ಗಾಳಿ ಎಳೆಯೋದಿಲ್ಲ. ಇಂಜಿನ್ ಬಿಸಿ ಇದ್ದಾಗ ಆಫ್ ಮಾಡಿ ಬ್ಲೇಡನ್ನು ಕೈಯಿಂದ ತಳ್ಳಿ ನೋಡಿ. ತಡೆಯೇ ಇಲ್ಲದೆ ಗಿರಗಿರ ತಿರುಗಿದರೆ ಕಪ್ಲಿಂಗ್ ಮುಗಿದಿದೆ ಅಂತಲೇ ಲೆಕ್ಕ.

ಇಲ್ಲಿ ನಮ್ಮ ಮೆಕ್ಯಾನಿಕ್ ಉಸ್ತಾದರ ಜೊತೆ ಸಣ್ಣ ವಾದ ಆಯಿತು.

"ಈ ಬಿಸಿಲಿನ್ಯಾಗ ಥರ್ಮೋಸ್ಟ್ಯಾಟ್ ಯಾಕ್ ಬೇಕ್ರಿ? ತೆಗೆದ್ ಒಗೀರಿ."

"ಬ್ಯಾಡ್ರಿ ಉಸ್ತಾದ್, ಹೊಸದೇ ಹಾಕ್ರಿ."

ಹಣ ಜಾಸ್ತಿಯಾಗಿ ಹೇಳಿದ್ದಲ್ಲ. ಥರ್ಮೋಸ್ಟ್ಯಾಟ್ ಅಂದರೆ ಇಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದುಕೊಂಡಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆಗೆ ಹೋಗದೆ ಇಂಜಿನ್ನಿಗೇ ವಾಪಸು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಅಂಥ ಗಾಡಿ ಇನ್ನೂ ಬೇಗ ಕಾಯುತ್ತದೆ. ಇನ್ನು ಚಳಿಗಾಲದ ಬೆಳಿಗ್ಗೆ ಇಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಹೊಸ ಥರ್ಮೋಸ್ಟ್ಯಾಟನ್ನು ಹಾಕುವ ಮೊದಲು ಮನೆಯಲ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ ಇಳಿಬಿಟ್ಟೆ. ಅದರ ಮೇಲೆ 82 (ಡಿಗ್ರಿ) ಅಂತ ಅಚ್ಚೊತ್ತಿದ್ದಾರೆ. ಆ ಬಿಸಿ ಬಂದಾಗ ನಡುವಿನ ತಟ್ಟೆ ಮೆಲ್ಲಗೆ ಮೇಲೆದ್ದಿತು. ಆ ಪಾತ್ರೆಯನ್ನು ಅವ್ವ ಮತ್ತೆ ಒಳಗೆ ಸೇರಿಸಲಿಲ್ಲ, ಅದು ಬೇರೆ ಮಾತು.

ರೇಡಿಯೇಟರ್ 6,800, ಕಪ್ಲಿಂಗ್ 4,200, ಥರ್ಮೋಸ್ಟ್ಯಾಟ್ 850, ಹೋಸು ಕ್ಲಿಪ್ಪು 1,400, ಕೂಲಂಟ್ 1,600, ಕೂಲಿ 2,500. ಒಟ್ಟು 17,350 ರೂಪಾಯಿ. ಕೂಲಂಟ್ ಬೆರೆಸೋಕೆ ಡಿಸ್ಟಿಲ್ಡ್ ವಾಟರ್ ಮಾತ್ರ. ಈಗ ಎಸಿ ಹಾಕಿಕೊಂಡು ಹೋದರೂ ಮುಳ್ಳು ನಡುವೆಯೇ.

ಜೂನ್

ಪಾಟಾ ಕೆಲಸ. ಬಲಗಡೆ ಎರಡು ಪಾಟಾ ತುಂಡಾಗಿದ್ದವು, ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಬುಷ್‌ನ ರಬ್ಬರು ಪುಡಿಪುಡಿ. ಅದು ಮಾಮೂಲಿ. ನನಗೆ ಸಿಟ್ಟು ಬಂದಿದ್ದು ಎರಡೂ ಕಡೆ ಹೊರಗಿನಿಂದ ಸೇರಿಸಿದ್ದ ಒಂದೊಂದು ಹೆಚ್ಚಿನ ಪಾಟಾ ನೋಡಿ. ಲೋಡು ಜಾಸ್ತಿ ಹೊರಲಿ ಅಂತ ಎಲ್ಲರೂ ಮಾಡಿಸುವ ಕೆಲಸವೇ ಇದು. ಆದರೆ ಇಂಥ ಗಾಡಿಗಳಲ್ಲಿ ಹಿಂದಿನ ಆಕ್ಸಲಿಗೆ ಒಂದು ಕಡ್ಡಿ ಕಟ್ಟಿ ಮೇಲೆ ಒಂದು ವಾಲ್ವ್ ಇಟ್ಟಿರುತ್ತಾರೆ, ಎಲ್‌ಎಸ್‌ಪಿವಿ ಅಂತ. ಲೋಡಿಗೆ ಬಾಡಿ ಎಷ್ಟು ಕೆಳಗಿಳಿದಿದೆ ನೋಡಿ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಹೆಚ್ಚಿನ ಪಾಟಾ ಹಾಕಿದರೆ ಚೀಲ ತುಂಬಿದರೂ ಬಾಡಿ ಅಷ್ಟಾಗಿ ಇಳಿಯೋದಿಲ್ಲ. ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಬ್ರೇಕಿನ ಕೆಲಸ ಬಹುಪಾಲು ಮುಂದಿನ ಡಿಸ್ಕ್ ಮೇಲೆ ಬೀಳುತ್ತದೆ. ಮುಂದಿನ ಪ್ಯಾಡ್ ಬೇಗ ಸವೆದಿದ್ದಕ್ಕೆ, ಹಿಂದಿನ ಲೈನರ್ ಹೊಸದರ ಹಾಗೇ ಇದ್ದಿದ್ದಕ್ಕೆ ಕಾರಣ ಅಲ್ಲೇ ಸಿಕ್ಕಿತು.

ಎರಡೂ ತೆಗೆಸಿದೆ. ಪಾಟಾವನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಹೊಸದೇ ಹಾಕಿಸಿದೆ. ಒಮ್ಮೆ ಬಿಗಿದು ಎಳೆದಿರುವ ಯು ಬೋಲ್ಟನ್ನು ಮತ್ತೆ ಬಿಗಿದರೆ ಹಿಡಿತ ನಿಲ್ಲೋದಿಲ್ಲ. ಲೋಡು ಹಾಕಿ ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಸಬೇಕು, ಇದನ್ನ ಯಾರೂ ಮಾಡಿಸೋದಿಲ್ಲ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಬದಲಾಯಿತು. ಹೊರಡುವಾಗಿನ ಠಕ್ ಸದ್ದು ಹೋಯಿತು.

ಇನ್ನೊಂದು ವಿಷಯ. ಚಿತ್ತಾಪುರ, ವಾಡಿ ರಸ್ತೆಯಲ್ಲಿ ಸಿಮೆಂಟ್ ಲಾರಿ ಹಿಂದೆ ಓಡಾಡುವವರು ಏರ್ ಫಿಲ್ಟರ್ ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ. ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬೆರಳಾಡಿಸಿ. ಬೆರಳಿಗೆ ಬೂದು ಧೂಳು ಹತ್ತಿದರೆ ಎಲ್ಲೋ ರಬ್ಬರು ಸೀಳಿದೆ, ಧೂಳು ನೇರವಾಗಿ ಟರ್ಬೊಗೆ ಹೋಗುತ್ತಿದೆ. ಸಣ್ಣ ರಬ್ಬರು ಪೈಪು ಎಲ್ಲಿ, ಟರ್ಬೊ ಬೆಲೆ ಎಲ್ಲಿ!

ಜುಲೈ, ಲೆಕ್ಕ

ರಿಪೇರಿ ಬಿಟ್ಟರೂ ಗಾಡಿ ತಿನ್ನುತ್ತಲೇ ಇರುತ್ತದೆ. ಹಳದಿ ಬೋರ್ಡಿನ ಗೂಡ್ಸ್ ಗಾಡಿಗೆ ಎಂಟು ವರ್ಷ ದಾಟಿದರೆ ಪ್ರತಿ ವರ್ಷ ಫಿಟ್ನೆಸ್. ಒಟ್ಟು ತೂಕ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ವಿಮೆ 2022ರ ದರದಲ್ಲಿ 16,049 ರೂಪಾಯಿ, ಜಿಎಸ್‌ಟಿ ಬೇರೆ. ಗಾಡಿ ಓಡಲಿ ಬಿಡಲಿ, ಇದು ಕಟ್ಟಲೇಬೇಕು. ಡೀಸೆಲ್ ಲೀಟರಿಗೆ 90 ಹಿಡಿದರೆ, ನಮ್ಮ ಗಾಡಿ ಕೊಡೋದು 11 ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ 8 ರೂಪಾಯಿ ಚಿಲ್ಲರೆ. ನಾಲ್ಕು ಟೈರಿಗೆ 32,000 ಹೋಯಿತು. ಹಳೇ ಗಾಡಿ ನೋಡಲು ಹೋಗುವವರು ಇಂಜಿನ್ ಸದ್ದು ಕೇಳಿ ತಲೆಯಾಡಿಸುತ್ತಾರೆ, ಅಲ್ವಾ? ನನ್ನ ಬಿಲ್ಲುಗಳಲ್ಲಿ ಇಂಜಿನ್ ಒಳಗಿನದು ಒಂದೂ ಇಲ್ಲ. ಎಲ್ಲ ಹೊರಗಿನ ರಬ್ಬರು, ನೀರು, ಧೂಳು, ಪಾಟಾಗಳದೇ.

ಕ್ಲಚ್ ಇನ್ನೂ ಬಾಕಿ ಇದೆ. ಟಾಪ್ ಗೇರಿನಲ್ಲಿ ಒತ್ತಿದರೆ ಆರ್‌ಪಿಎಂ ಏರುತ್ತದೆ, ವೇಗ ಏರೋದಿಲ್ಲ. ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೇ ಹಾಕಿಸುತ್ತೇನೆ, ಗೇರ್‌ಬಾಕ್ಸ್ ಇಳಿಸುವ ಕೂಲಿ ಹೇಗಿದ್ದರೂ ಒಂದೇ. ದಸರಾ ಆದಮೇಲೆ, ತೊಗರಿ ರಾಶಿಗೆ ಮುಂಚೆ ಬಿಡುವು ಸಿಕ್ಕಾಗ ಮಾಡಿಸೋದು ಅಂತ ಉಸ್ತಾದರಿಗೆ ಹೇಳಿಟ್ಟಿದ್ದೇನೆ.