ಡಬ್ಲಿನ್‌ನ ಒಂದು ಮಧ್ಯಾಹ್ನ: ನಕ್ಷೆಯ ಕೆಲಸ ಎಲ್ಲಿಗೆ ಬಂತು

ಒಂಟಿಕಾಲಿನ ನಾವಿಕನ ಲೆಕ್ಕ ಅಂತೂ ಇಂತೂ ಕೂತಿತು. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ಹತ್ತನೇ ಅಧ್ಯಾಯವನ್ನು ನಿಮಿಷ ನಿಮಿಷವಾಗಿ ನಕ್ಷೆಯ ಮೇಲೆ ಹರಡಬೇಕೆಂದು ಹೊರಟ ಈ ಕೆಲಸದಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಸತಾಯಿಸಿದವನು ಅವನೇ.

ಈ ಕಡೆ ಹೊಸದಾಗಿ ಬಂದವರಿಗೆ ಎರಡು ಮಾತು. ಕಾದಂಬರಿ ಪೂರ್ತಿ 1904ರ ಜೂನ್ 16ರಂದು ಡಬ್ಲಿನ್‌ನಲ್ಲಿ ನಡೆಯುತ್ತದೆ, ಕೊನೆಕೊನೆಗೆ ಮರುದಿನದ ನಸುಕಿಗೂ ಚಾಚುತ್ತದೆ. ಹತ್ತನೇ ಅಧ್ಯಾಯದಲ್ಲಿರುವುದು 19 ತುಣುಕು. ಮಧ್ಯಾಹ್ನ ಮೂರರ ಹೊತ್ತಿಗೆ ಬೀದಿಗಳಲ್ಲಿ ಯಾರ‍್ಯಾರು ಎಲ್ಲೆಲ್ಲಿದ್ದರು ಅನ್ನುವುದಷ್ಟೇ ಕಥೆ. ಒಬ್ಬನ ವಿಷಯ ನಡೆಯುತ್ತಿರುವಾಗ ಬೇರೆಲ್ಲೋ ಇರುವ ಇನ್ನೊಬ್ಬನ ವಾಕ್ಯ ಹೇಳದೆ ಕೇಳದೆ ನುಗ್ಗುತ್ತದೆ. ಮೊದಲ ಸಲ ಓದುವಾಗ ಅಚ್ಚಿನಮನೆಯವರು ಸಾಲು ಅದಲುಬದಲು ಮಾಡಿದ್ದಾರೇನೋ ಅನ್ನಿಸುತ್ತದೆ. ಯಾರು ಯಾವ ಹೊತ್ತಿಗೆ ಎಲ್ಲಿದ್ದರು ಎಂದು ನಾನು ತುಂಬುತ್ತಿರುವ ಶೀಟು ನಿಂತಿರುವುದೇ ಹೀಗೆ ನುಗ್ಗಿದ ವಾಕ್ಯಗಳ ಮೇಲೆ. ಗಡಿಯಾರದ ಹೊತ್ತನ್ನು ಜಾಯ್ಸ್ ಹೇಳುವುದೇ ಅಪರೂಪ. ‘ಇವನು ಇಲ್ಲಿದ್ದಾಗ ಅವನು ಅಲ್ಲಿದ್ದ’ ಅನ್ನುತ್ತಾನೆ, ಹೊತ್ತನ್ನು ನಾವೇ ತೆಗೆಯಬೇಕು.

ಈಗ ನಾವಿಕ. ಅಧ್ಯಾಯ ಶುರುವಾಗುವುದು ಫಾದರ್ ಕಾನ್ಮಿ ಗಾರ್ಡಿನರ್ ಸ್ಟ್ರೀಟಿನ ಮೆಟ್ಟಿಲಿಳಿಯುತ್ತಾ ಗಡಿಯಾರ ನೋಡಿಕೊಳ್ಳುವಲ್ಲಿ: ಮೂರಕ್ಕೆ ಐದು ನಿಮಿಷ. ಕೂಡಲೇ ಊರುಗೋಲಿನ ಈ ನಾವಿಕ ಎದುರಾಗಿ ಭಿಕ್ಷೆ ಕೇಳುತ್ತಾನೆ. ಪಾದ್ರಿಯ ಪರ್ಸಿನಲ್ಲಿ ಇರುವುದು ಒಂದೇ ಒಂದು ಬೆಳ್ಳಿ ಕ್ರೌನ್, ಅಂದರೆ ಐದು ಶಿಲಿಂಗು. ಹಾಗಾಗಿ ಆಶೀರ್ವಾದದಲ್ಲೇ ಮುಗಿಸುತ್ತಾರೆ. ಅಲ್ಲಿಂದ ಇಬ್ಬರ ದಾರಿ ಬೇರೆ. ಎರಡನೇ ತುಣುಕಿನಲ್ಲಿ, ಶವಸಂಸ್ಕಾರದ ಅಂಗಡಿಯ ಬಾಗಿಲಲ್ಲಿ ನಿಂತ ಕಾರ್ನಿ ಕೆಲ್ಲಹರ್ ಹುಲ್ಲುಕಡ್ಡಿಯ ರಸ ಉಗುಳುತ್ತಿದ್ದಾನೆ. ಅದೇ ಪುಟದಲ್ಲಿ ಕಾನ್ಮಿ ನ್ಯೂಕಾಮನ್ ಸೇತುವೆಯ ಬಳಿ ಟ್ರಾಮ್ ಹತ್ತುತ್ತಾರೆ, ಎಕಲ್ಸ್ ಸ್ಟ್ರೀಟಿನ ಒಂದು ಕಿಟಕಿಯಿಂದ ಬಿಳಿ ತೋಳೊಂದು ನಾಣ್ಯ ಎಸೆಯುತ್ತದೆ. ತೋಳು ಕಥಾನಾಯಕ ಬ್ಲೂಮ್‌ನ ಹೆಂಡತಿ ಮೋಲಿಯದು, ನಾಣ್ಯ ನಾವಿಕನಿಗೆ. ಸೇತುವೆಗೂ ಆ ಕಿಟಕಿಗೂ ನಡುವೆ ಎರಡು ಕಿಲೋಮೀಟರಿಗೆ ತುಸು ಕಡಿಮೆ ದೂರ.

ನಕ್ಷೆಯಲ್ಲಿ ಸೇತುವೆಗೂ ಕಿಟಕಿಗೂ ಚುಚ್ಚಿದ ಎರಡು ಪಿನ್ನುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೇರಿದವು ಎಂದರೆ ಇಬ್ಬರ ನಡಿಗೆಯೂ ತಾಳೆಯಾಗಬೇಕು. ಪಾದ್ರಿ ಮೌಂಟ್‌ಜಾಯ್ ಸ್ಕ್ವೇರ್ ಬಳಿ ನಿಂತು ಮಾತಾಡಿ, ಶಾಲೆಯ ಹುಡುಗರನ್ನು ವಿಚಾರಿಸಿ ಸೇತುವೆ ಸೇರಲು ಇಪ್ಪತ್ತು ನಿಮಿಷಕ್ಕೆ ಮೋಸವಿಲ್ಲ. ಅಷ್ಟು ಹೊತ್ತಿನಲ್ಲಿ ನಾವಿಕ ಹೋಗಬೇಕಾದದ್ದು ಒಂದು ಕಿಲೋಮೀಟರ್ ಕೂಡ ಅಲ್ಲ. ಇಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದೆ. ಆದರೆ ಅವನು ಊರುಗೋಲಿನ ಮೇಲೆ ಕುಪ್ಪಳಿಸುತ್ತಾ, ಹಾಡು ಗೊಣಗುತ್ತಾ, ಕಿಟಕಿ ಕಿಟಕಿಗೆ ನಿಂತು ಕೈಯೊಡ್ಡುವವನು. ಅವನ ವೇಗವನ್ನು ಅರ್ಧಕ್ಕಿಳಿಸಿದೆ, ಎರಡೂ ಸಾಲು ಒಂದೇ ಕಡೆ ಬಂದು ನಿಂತವು.

ಇದಕ್ಕಿಂತ ಖುಷಿ ಕೊಟ್ಟದ್ದು ಕಾಗದದ ಚೂರು. ಬ್ಲೂಮ್ ಮಧ್ಯಾಹ್ನ ಒಂದರ ಸುಮಾರಿಗೆ ಓಕಾನಲ್ ಸೇತುವೆಯ ಮೇಲಿಂದ ಒಂದು ಕರಪತ್ರವನ್ನು ಉಂಡೆಮಾಡಿ ಲಿಫಿ ಹೊಳೆಗೆ ಎಸೆದಿರುತ್ತಾನೆ. ಎರಡು ಅಧ್ಯಾಯ ದಾಟಿದ ಮೇಲೆ, ಮಧ್ಯಾಹ್ನ ಮೂರು ದಾಟಿದ ಹೊತ್ತಿಗೆ, ಅದು ಲೂಪ್‌ಲೈನ್ ರೈಲು ಸೇತುವೆಯ ಕೆಳಗೆ ಪೂರ್ವಕ್ಕೆ ತೇಲುತ್ತಿದೆ. ದೂರ ಅರ್ಧ ಕಿಲೋಮೀಟರೂ ಇಲ್ಲ. ಎರಡು ಗಂಟೆ ಅದು ಮಾಡುತ್ತಿದ್ದದ್ದೇನು? ಉತ್ತರ ಮೊದಲ ಅಧ್ಯಾಯದಲ್ಲೇ ಇದೆ. ಬೆಳಿಗ್ಗೆ ಕಡಲ ದಂಡೆಯಲ್ಲಿ ಒಬ್ಬ, ಒಂದು ಗಂಟೆ ಸುಮಾರಿಗೆ ಭರತ ಬರುತ್ತದೆ, ಮುಳುಗಿದವನ ಹೆಣ ಆಗ ತೇಲಿ ಬರಬಹುದು ಅನ್ನುತ್ತಾನೆ. ಲಿಫಿಯಲ್ಲಿ ಊರೊಳಗೂ ಕಡಲಿನ ಉಬ್ಬರ ಇಳಿತ ಇದೆ. ಅಂದರೆ ಬ್ಲೂಮ್ ಕಾಗದ ಎಸೆದಾಗ ನೀರು ತುಂಬಿ ನಿಂತಿತ್ತು, ಆಮೇಲೆ ಇಳಿತಕ್ಕೆ ಸಿಕ್ಕಿ ಕಾಗದ ನಿಧಾನಕ್ಕೆ ಕಡಲ ಕಡೆ ಹೊರಟಿತು. ಇದು ಕಾಕತಾಳೀಯ ಅನ್ನುವವರು ಅನ್ನಲಿ, ನಾನು ಒಪ್ಪುವುದಿಲ್ಲ.

ಗಡಿಯಾರದ ಕೆಲಸ ಬೇಗ ಮುಗಿಯಿತು, ಆದರೂ ದಾಖಲಿಸಿಡುತ್ತೇನೆ. ಇವತ್ತಿನ ಆ್ಯಪ್‌ಗಳ ಪ್ರಕಾರ ಜೂನ್ ನಡುವೆ ಡಬ್ಲಿನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ ಐದು ನಿಮಿಷ ಇರುವಾಗ. ಆದರೆ 1904ರಲ್ಲಿ ಬೇಸಿಗೆಗೆ ಗಡಿಯಾರ ಮುಂದಕ್ಕಿಡುವ ಪದ್ಧತಿ ಇರಲಿಲ್ಲ, ಜೊತೆಗೆ ಡಬ್ಲಿನ್ ಸಮಯ ಗ್ರೀನಿಚ್‌ಗಿಂತ 25 ನಿಮಿಷ 21 ಸೆಕೆಂಡು ಹಿಂದಿತ್ತು. ಎರಡನ್ನೂ ಕಳೆದರೆ ಎಂಟೂವರೆ, ಕಾದಂಬರಿಯ ಸಂಜೆಯ ಅಧ್ಯಾಯಕ್ಕೆ ಸರಿಹೋಗುತ್ತದೆ. ಈ ಪ್ರತ್ಯೇಕ ಸಮಯ ರದ್ದಾದದ್ದು 1916ರಲ್ಲಿ. ನಮ್ಮಲ್ಲೂ ದೇಶಕ್ಕೆಲ್ಲ ಒಂದೇ ಸಮಯ ಬರುವ ಮೊದಲು ರೈಲುಗಳು ಮದ್ರಾಸ್ ಟೈಮಿನಲ್ಲಿ ಓಡುತ್ತಿದ್ದವು.

ಊರು ಬಿಟ್ಟವನ ಹಳಹಳಿಕೆಯ ಕಾದಂಬರಿ ಇದು ಎಂದು ಎಷ್ಟೋ ಸಲ ಕೇಳಿದ್ದೇನೆ. ಶೀಟು ತುಂಬಿದಷ್ಟೂ ಆ ಮಾತು ನನಗೆ ಸಡಿಲವಾಗಿ ಕಾಣುತ್ತಿದೆ. ಈ ಅಧ್ಯಾಯ ಮೊದಲು ಅಚ್ಚಾದದ್ದು 1919ರಲ್ಲಿ. ಆಗ ಜ್ಯೂರಿಕ್‌ನಲ್ಲಿದ್ದ ಜಾಯ್ಸ್ 1912ರ ನಂತರ ಡಬ್ಲಿನ್ ಕಂಡಿರಲಿಲ್ಲ. ಎದುರಿಗೆ ಡಬ್ಲಿನ್ ನಕ್ಷೆ ಹರಡಿಕೊಂಡು, ಕೆಂಪು ಶಾಯಿಯಲ್ಲಿ ದಾರಿಗಳನ್ನು ಎಳೆದು, ನಿಮಿಷಗಳ ಲೆಕ್ಕ ಹಾಕುತ್ತಿದ್ದ ಎಂದು ಅವನ ಗೆಳೆಯ, ಚಿತ್ರಕಾರ ಫ್ರಾಂಕ್ ಬಜನ್ ಬರೆದಿದ್ದಾನೆ. ಮನೆಮನೆಯ ವಿವರವಿದ್ದ ಥಾಮ್ಸ್ ಡೈರೆಕ್ಟರಿ ಬೇರೆ ಕೈಯಲ್ಲಿತ್ತು. ಬ್ಲೂಮ್ ದಂಪತಿಯನ್ನು ಅವನು ಎಕಲ್ಸ್ ಸ್ಟ್ರೀಟಿನ 7ನೇ ನಂಬರಿನಲ್ಲಿ ಇರಿಸಿದ. 1904ರ ಡೈರೆಕ್ಟರಿಯಲ್ಲಿ ಆ ಮನೆ ಖಾಲಿ. 1909ರಲ್ಲಿ ಅಲ್ಲಿ ವಾಸವಿದ್ದ ಗೆಳೆಯನೊಬ್ಬನನ್ನು ಕಾಣಲು ಹೋಗಿದ್ದವನಿಗೆ ಮನೆಯ ಪರಿಚಯ ಚೆನ್ನಾಗಿಯೇ ಇತ್ತು. ಆದರೂ 1921ರ ನವೆಂಬರಿನಲ್ಲಿ, ಪುಸ್ತಕ ಮುಗಿಯುವ ಹಂತದಲ್ಲಿ, ಡಬ್ಲಿನ್‌ನಲ್ಲಿದ್ದ ತನ್ನ ಸೋದರಮಾವನ ಹೆಂಡತಿ ಜೋಸೆಫೀನ್‌ಗೆ ಕಾಗದ ಬರೆದ: ಸಾಮಾನ್ಯ ಮನುಷ್ಯನೊಬ್ಬ ಆ ಮನೆಯ ಕಂಬಿ ಹತ್ತಿ ಆಚೆ ಕಡೆ ಜೋತುಬಿದ್ದು, ಪೆಟ್ಟಾಗದ ಹಾಗೆ ಕೆಳಕ್ಕೆ ಹಾರಬಹುದೇ? ತನ್ನ ನೆನಪನ್ನೇ ಸಾಕ್ಷಿಕಟ್ಟೆಗೆ ಹತ್ತಿಸುವವನನ್ನು ಹಳಹಳಿಕೆಯವನು ಅನ್ನಲು ನನಗೆ ಬಾಯಿ ಬರುವುದಿಲ್ಲ. (ಮನೆ ಈಗಿಲ್ಲ, ಆ ಜಾಗದಲ್ಲಿ ಆಸ್ಪತ್ರೆ ಇದೆ. ಬಾಗಿಲೊಂದು ಉಳಿದು ಡಬ್ಲಿನ್‌ನ ಜೇಮ್ಸ್ ಜಾಯ್ಸ್ ಸೆಂಟರ್ ಸೇರಿದೆ.)

ಬಾಕಿ ಇರುವುದು ಕೊನೆಯ ತುಣುಕು, ಐರ್ಲೆಂಡಿನ ವೈಸರಾಯ್ ಅರ್ಲ್ ಆಫ್ ಡಡ್ಲಿಯ ಸಾರೋಟಿನ ಸವಾರಿ. ಫೀನಿಕ್ಸ್ ಪಾರ್ಕಿನಿಂದ ಹೊರಟು, ಹೊಳೆಯ ಉತ್ತರ ದಂಡೆ ಹಿಡಿದು ಬಂದು, ಸೇತುವೆ ದಾಟಿ, ಡೇಮ್ ಸ್ಟ್ರೀಟ್ ಮೇಲೆ ಹೋಗುವಾಗ ಹಿಂದಿನ ತುಣುಕುಗಳ ಜನರೆಲ್ಲ ದಾರಿಯುದ್ದಕ್ಕೂ ಸಿಗುತ್ತಾರೆ. ಟೋಪಿ ತೆಗೆಯುವವರಿದ್ದಾರೆ, ತೆಗೆಯದವರಿದ್ದಾರೆ. ಪಾಡಲ್ ಎಂಬ ಹಳ್ಳವಂತೂ ದಂಡೆಯ ತೂಬಿನಿಂದ ಚರಂಡಿ ನೀರಿನ ನಾಲಗೆ ಚಾಚಿ ರಾಜನಿಷ್ಠೆ ತೋರಿಸುತ್ತದೆ. ನಾನು ನಕ್ಕು ಶೀಟು ಮುಚ್ಚಿಟ್ಟದ್ದು ಅಲ್ಲೇ.

ಸವಾರಿ ಹೊರಟಿರುವುದು ಮೈರಸ್ ಬಜಾರ್ ಎಂಬ ಆಸ್ಪತ್ರೆ ಸಹಾಯಾರ್ಥ ಮೇಳದ ಉದ್ಘಾಟನೆಗೆ. ನಿಜದಲ್ಲಿ ಆ ಮೇಳ ಶುರುವಾದದ್ದು ಮೇ 31ರಂದು, ಜಾಯ್ಸ್ ಬೇಕೆಂದೇ ಜೂನ್ 16ಕ್ಕೆ ಎಳೆದುಕೊಂಡಿದ್ದಾನೆ. ಬೀದಿ ಒಂದಂಗುಲ ಸರಿಯಬಾರದು, ತಾರೀಖು ಮಾತ್ರ ಎರಡು ವಾರ ಸರಿಯಬಹುದು! ಇಂಥ ಸರಿಸಿದ ಸಂಗತಿಗಳಿಗೆ ನಕ್ಷೆಯಲ್ಲಿ ಬೇರೆ ಬಣ್ಣ ಕೊಡುತ್ತಿದ್ದೇನೆ, ಸದ್ಯಕ್ಕೆ ಕಿತ್ತಳೆ. ಸವಾರಿಯ ಸಾಲಿಗೆ ಕುದುರೆಯ ಮಂದಗತಿಯ ವೇಗ ಹಾಕಿ ಮೊದಲು ಹೊಳೆದಂಡೆಯ ಭಾಗವನ್ನಷ್ಟೇ ಓಡಿಸಿ ನೋಡುತ್ತೇನೆ. ಅಲ್ಲಿ ತಾಳೆಯಾದರೆ ಟ್ರಿನಿಟಿ ಕಾಲೇಜಿನ ಕಡೆ.