ಬೇಸ್‌ಬಾಲ್ ನೋಡಲು ಕೆರಿಬಿಯನ್‌ಗೇ ಯಾಕೆ ಹೋಗಬೇಕು?

ನಾನಿರುವುದು ನ್ಯೂಜೆರ್ಸಿಯಲ್ಲಿ. ರೈಲು ಹತ್ತಿದರೆ ಯಾಂಕೀಸ್ ತಂಡದ ಕ್ರೀಡಾಂಗಣ, ಇನ್ನೊಂದು ರೈಲು ಬದಲಿಸಿದರೆ ಮೆಟ್ಸ್ ತಂಡದ್ದು. ಜಗತ್ತಿನ ಅತ್ಯುತ್ತಮ ಬೇಸ್‌ಬಾಲ್ ಮನೆಯ ಹತ್ತಿರವೇ ನಡೆಯುವಾಗ, ಅದು ಮುಗಿದ ಮೇಲೂ ರಜೆ ಉಳಿಸಿಟ್ಟುಕೊಂಡು ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿ ಮತ್ತೆ ಬೇಸ್‌ಬಾಲನ್ನೇ ನೋಡುವುದೇಕೆ ಎಂದು ಕನ್ನಡ ಕೂಟದ ಗೆಳೆಯರು ಕೇಳುತ್ತಾರೆ, ಕಚೇರಿಯ ಅಮೆರಿಕನ್ನರೂ ಕೇಳುತ್ತಾರೆ. ಮೈಸೂರಿನ ಅಕ್ಕನ ಪ್ರಶ್ನೆ ಇನ್ನೂ ನೇರ: "ಸಮುದ್ರ ನೋಡಲು ಹೋಗುತ್ತೇನೆ ಅಂದರೆ ಒಪ್ಪುತ್ತೇನೆ ಕಣೋ, ಅದೇ ಆಟವನ್ನು ಎರಡು ಕಡೆ ನೋಡುವುದರಲ್ಲಿ ಏನಿದೆ?"

ಅದೇ ಆಟವಲ್ಲ ಅಕ್ಕ. ನಿಯಮ ಒಂದೇ, ಚೆಂಡು ಒಂದೇ, ಎಷ್ಟೋ ಸಲ ಆಡುವವರೂ ಅವರೇ. ಆದರೆ ಅಲ್ಲಿನ ಜನಕ್ಕೆ ಗೆಲುವು ಈ ರಾತ್ರಿಯೇ ಬೇಕು. ನಾನು ಹೋಗುವುದು ಅದಕ್ಕಾಗಿ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಪ್ರತಿ ತಂಡ ಒಂದು ಋತುವಿಗೆ 162 ಪಂದ್ಯ ಆಡುತ್ತದೆ. ಮೇ ತಿಂಗಳಲ್ಲಿ ಒಂದು ಪಂದ್ಯ ಸೋತರೆ ಯಾರ ನಿದ್ದೆಯೂ ಕೆಡುವುದಿಲ್ಲ. ಮೂರು ನಾಲ್ಕು ವರ್ಷ ಸೋಲುತ್ತಲೇ ಹೊಸಬರನ್ನು ಬೆಳೆಸೋಣ ಎಂದು ಮಾಲೀಕರು ತೀರ್ಮಾನಿಸಿದರೂ ಅಭಿಮಾನಿಗಳು ತಲೆಯಾಡಿಸುತ್ತಾರೆ. ಡೊಮಿನಿಕನ್ ಚಳಿಗಾಲದ ಲೀಗ್‌ನಲ್ಲಿ ಇರುವುದು ಆರೇ ತಂಡ. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಕೊನೆಯೊಳಗೆ ಒಂದೊಂದು ತಂಡಕ್ಕೆ 50 ಪಂದ್ಯ. ಎರಡು ತಂಡಗಳು ಹೊರಬೀಳುತ್ತವೆ. ಉಳಿದ ನಾಲ್ಕು ಜನವರಿಯಲ್ಲಿ ತಮ್ಮತಮ್ಮೊಳಗೆ ಮತ್ತೊಂದು ಸುತ್ತು ಆಡಿ, ಮೇಲಿನ ಎರಡು ಅಂತಿಮ ಸರಣಿಗೆ ಹೋಗುತ್ತವೆ. ಗೆದ್ದವರು ಫೆಬ್ರವರಿಯ ಆರಂಭದಲ್ಲಿ ಕೆರಿಬಿಯನ್ ಸರಣಿಯಲ್ಲಿ ವೆನೆಜುವೆಲಾ, ಪೋರ್ಟೊ ರಿಕೊ, ಮೆಕ್ಸಿಕೊದಂಥ ಲೀಗ್‌ಗಳ ಚಾಂಪಿಯನ್ನರನ್ನು ಎದುರಿಸುತ್ತಾರೆ. ಇಷ್ಟು ಚಿಕ್ಕ ಅವಧಿಯಲ್ಲಿ ಒಂದು ವಾರ ಸತತ ಸೋತರೆ ತಂಡವನ್ನು ಆಡಿಸುವ ಮ್ಯಾನೇಜರ್ ಕೆಲಸ ಕಳೆದುಕೊಳ್ಳಬಹುದು. ಅಮೆರಿಕದಿಂದ ಕರೆಸಿದ ಆಟಗಾರ ಮೂರು ನಾಲ್ಕು ಪಂದ್ಯಗಳಲ್ಲಿ ಎಡವಿದರೆ ಅವನಿಗೆ ವಾಪಸು ಟಿಕೆಟ್. ಕಲಿಯಲು ಬಂದ ಹುಡುಗ ಎಂಬ ರಿಯಾಯಿತಿ ಯಾರಿಗೂ ಇಲ್ಲ.

ಇದರೊಳಗೆ ಒಂದು ದೊಡ್ಡ ಎಳೆದಾಟವಿದೆ. ಈ ಲೀಗ್‌ನಲ್ಲಿ ಆಡುವ ಬಹುಪಾಲು ಯುವಕರ ಸಂಬಳ ಅಮೆರಿಕದ ತಂಡಗಳದ್ದು. ಆ ತಂಡಗಳಿಗೆ ಚಳಿಗಾಲದ ಲೀಗ್ ಎಂದರೆ ತಮ್ಮ ಹುಡುಗರಿಗೆ ಇನ್ನಷ್ಟು ಅಭ್ಯಾಸ ಸಿಗುವ ಜಾಗ, ಅಷ್ಟೆ. ಬೇಸಿಗೆಯಲ್ಲಿ ತುಂಬಾ ದುಡಿದಿದ್ದಾನೆ, ವಿಪರೀತ ದಣಿದಿದ್ದಾನೆ ಎಂದು ಹೇಳಿ ಆಟಗಾರನನ್ನು ತಡೆಹಿಡಿಯುವ ಅಧಿಕಾರ ಒಪ್ಪಂದದಲ್ಲೇ ಅವುಗಳಿಗಿದೆ. ಹಾಗಾಗಿ ನವೆಂಬರ್ ತಿಂಗಳಿಡೀ ರಾಜಧಾನಿ ಸ್ಯಾಂಟೊ ಡೊಮಿಂಗೊ ನಗರದ ರೇಡಿಯೊಗಳಲ್ಲಿ, ಕ್ಷೌರದಂಗಡಿಗಳಲ್ಲಿ ಒಂದೇ ಚರ್ಚೆ: ಇವನಿಗೆ ಅನುಮತಿ ಸಿಕ್ಕಿತೇ, ಅವನು ಯಾವ ದಿನ ಬರುತ್ತಾನೆ, ಬಂದರೆ ಎಷ್ಟು ಪಂದ್ಯ ಆಡಲು ಬಿಡುತ್ತಾರೆ? ಕೋಟ್ಯಂತರ ಡಾಲರಿನ ಒಪ್ಪಂದ ಕಿಸೆಯಲ್ಲಿರುವ ಆಟಗಾರ, ಗಾಯವಾದರೆ ಕಳೆದುಕೊಳ್ಳುವುದು ಬಹಳವಿದ್ದರೂ, ಬಾಲ್ಯದಲ್ಲಿ ತಾನು ಕೂಗಿ ಬೆಂಬಲಿಸಿದ ತಂಡದ ಅಂಗಿ ತೊಟ್ಟು ಬಂದಾಗ ಜನ ಅವನನ್ನು ಬರಮಾಡಿಕೊಳ್ಳುವ ರೀತಿಯನ್ನು ಕಣ್ಣಾರೆ ನೋಡಬೇಕು. ಅವನ ಪಕ್ಕದಲ್ಲೇ ಮೇಜರ್ ಲೀಗ್ ಬಾಗಿಲನ್ನು ಇನ್ನೂ ತಟ್ಟದ ಹತ್ತೊಂಬತ್ತರ ಹುಡುಗ ನಿಂತಿರುತ್ತಾನೆ. ಆ ಬಾಗಿಲು ಮುಚ್ಚಿ ವರ್ಷಗಳಾದ ಹಿರಿಯನೂ ಇರುತ್ತಾನೆ. ಮೇಜರ್ ಲೀಗ್‌ನಲ್ಲಿ ಹೆಸರು ಮಾಡಿದ್ದ ರಾಬಿನ್ಸನ್ ಕಾನೊ ನಲವತ್ತು ದಾಟಿದ ಮೇಲೂ ತನ್ನ ಊರಿನ ತಂಡಕ್ಕಾಗಿ ಚಳಿಗಾಲದಲ್ಲಿ ಬ್ಯಾಟ್ ಹಿಡಿದರು. ಒಂದೇ ಅಂಗಳದಲ್ಲಿ ಮೂರು ತಲೆಮಾರಿನ ಆಟಗಾರರನ್ನು ಹೀಗೆ ನೋಡಲು ನ್ಯೂಯಾರ್ಕಿನಲ್ಲಿ ಸಾಧ್ಯವಿಲ್ಲ.

ಸ್ಯಾಂಟೊ ಡೊಮಿಂಗೊದ ಕಿಸ್ಕೆಯಾ ಕ್ರೀಡಾಂಗಣಕ್ಕೆ ಈಗ ಹ್ವಾನ್ ಮಾರಿಚಾಲ್ ಹೆಸರೂ ಸೇರಿದೆ. ಅಮೆರಿಕದ ಹಾಲ್ ಆಫ್ ಫೇಮ್ ಗೌರವ ಪಡೆದ ಮೊದಲ ಡೊಮಿನಿಕನ್ ಅವರು, 1983ರಲ್ಲಿ. 1955ರಲ್ಲಿ ತೆರೆದ ಈ ಕ್ರೀಡಾಂಗಣ ಎರಡು ತಂಡಗಳಿಗೆ ತವರು: 1907ರಲ್ಲಿ ಹುಟ್ಟಿದ ನೀಲಿ ಬಣ್ಣದ ಲಿಸೇಯ್ ಹುಲಿಗಳು, 1921ರಲ್ಲಿ ಹುಟ್ಟಿದ ಕೆಂಪು ಬಣ್ಣದ ಎಸ್ಕೊಹಿದೊ ಸಿಂಹಗಳು. ಇಬ್ಬರೂ ಎದುರಾದಾಗ ಯಾರೂ ಹೊರಗಿನವರಲ್ಲ. ಒಂದೇ ಮನೆಯಿಂದ ನೀಲಿ ಅಂಗಿಯ ಗಂಡ, ಕೆಂಪು ಅಂಗಿಯ ಹೆಂಡತಿ ಜೊತೆಯಾಗಿ ಬಂದು ಒಂಬತ್ತು ಇನ್ನಿಂಗ್ಸ್ ಉದ್ದಕ್ಕೂ ಒಬ್ಬರನ್ನೊಬ್ಬರು ಕೆಣಕುತ್ತಾ ಕೂರುತ್ತಾರೆ. ಉತ್ತರದ ಸಾಂತಿಯಾಗೊ ನಗರದಿಂದ ಹಳದಿ ಬಣ್ಣದ ಆಗಿಲಾಸ್ ತಂಡ ಬಂದ ದಿನವಂತೂ ರಸ್ತೆಯಲ್ಲೇ ಗೊತ್ತಾಗುತ್ತದೆ. ಕಾರುಗಳ ಕಿಟಕಿಯಿಂದ ಬಾವುಟಗಳು ಮಧ್ಯಾಹ್ನವೇ ಹೊರಗೆ ಚಾಚಿರುತ್ತವೆ.

2025ರ ಜನವರಿಯ ಅಂತಿಮ ಸರಣಿ ಲಿಸೇಯ್ ಮತ್ತು ಎಸ್ಕೊಹಿದೊ ನಡುವೆಯೇ ನಡೆದು ಏಳನೆಯ ಪಂದ್ಯದವರೆಗೆ ಹೋಯಿತು. ಎಸ್ಕೊಹಿದೊ ಮ್ಯಾನೇಜರ್ ಆಗಿದ್ದವರು ಆಲ್ಬರ್ಟ್ ಪುಹೋಲ್ಸ್. ಮೇಜರ್ ಲೀಗ್‌ನಲ್ಲಿ 703 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂತೆ ಚೆಂಡನ್ನು ಅಂಗಳದಾಚೆ ಅಟ್ಟುವ ಹೊಡೆತ) ಹೊಡೆದ ಆಟಗಾರ ಅವರು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಇಪ್ಪತ್ತೊಂದರ ಹರೆಯದ ಹುನಿಯೋರ್ ಕಾಮಿನೇರೊ ಹೊಡೆದ ಹೋಮ್ ರನ್ ಪ್ರಶಸ್ತಿಯನ್ನು ತೀರ್ಮಾನಿಸಿತು. ಆ ಹೊಡೆತವಾದ ಮೇಲೆ ಅವನು ಓಡಲಿಲ್ಲ. ಬ್ಯಾಟ್ ಕೈಯಲ್ಲಿಟ್ಟುಕೊಂಡೇ ತನ್ನವರ ಕಡೆ ತಿರುಗಿ ಕುಣಿದ, ಆಮೇಲೆ ಅದನ್ನು ಎಸೆದ. ಅಮೆರಿಕದಲ್ಲಿ ಹಾಗೆ ಮಾಡಿದರೆ ಎದುರಾಳಿ ಪಿಚರ್ ಮುಂದಿನ ಸಲ ಚೆಂಡನ್ನು ಪಕ್ಕೆಲುಬಿಗೇ ಎಸೆಯುವ ಕಾಲವಿತ್ತು, ಈಗಲೂ ಮುಖ ಗಂಟಿಕ್ಕುವವರಿದ್ದಾರೆ. ನನಗೆ ಆ ಸಂಪ್ರದಾಯ ಎಂದೂ ಅರ್ಥವಾಗಿಲ್ಲ. ಇಡೀ ಊರು ಕುಣಿಯುತ್ತಿರುವಾಗ ಕುಣಿಯುವಂತೆ ಮಾಡಿದವನೇ ತಲೆತಗ್ಗಿಸಿ ಓಡಬೇಕೇ?

ಸದ್ದಿನ ಬಗ್ಗೆ ಹೇಳಲೇಬೇಕು. ಇನ್ನಿಂಗ್ಸ್‌ಗಳ ನಡುವೆ ಮೆರೆಂಗೆ ಸಂಗೀತ, ಆಟಗಾರರು ಕೂರುವ ಡಗೌಟ್‌ನ ಚಾವಣಿ ಮೇಲೆ ನರ್ತಕಿಯರು, ತುತ್ತೂರಿ, ಡೋಲಿನಂಥ ತಂಬೋರಾ, ಲೋಹದ ಗುಯಿರಾ ಉಜ್ಜುವ ಸದ್ದು. ಪಿಚರ್ ಚೆಂಡು ಹಿಡಿದು ನಿಂತಾಗಲೂ ನಿಲ್ಲುವುದಿಲ್ಲ. ಗೆಳೆಯರ ಗುಂಪು ಒಂದು ರಮ್ ಬಾಟಲಿ, ಮಂಜುಗಡ್ಡೆ, ಪ್ಲಾಸ್ಟಿಕ್ ಲೋಟಗಳನ್ನು ತರಿಸಿ ಕಾಲ ಬಳಿ ಇಟ್ಟುಕೊಂಡಿರುತ್ತದೆ, ಪಕ್ಕದಲ್ಲಿ ಕೂತ ಅಪರಿಚಿತನಿಗೂ ಲೋಟ ಬರುತ್ತದೆ. ಬೇಡ ಎಂದರೆ ಬೇಸರಿಸದೆ ಕೋಲಾ ಸುರಿದು ಕೊಡುತ್ತಾರೆ. ಹಿಂದಿನ ಸಾಲಿನಲ್ಲಿ ಮುಂದಿನ ಎಸೆತ ಏನಾಗುತ್ತದೆ ಎಂದು ಪಣ ಕಟ್ಟುವವರು ನೋಟುಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಕೂಗುತ್ತಿರುತ್ತಾರೆ. ಇಷ್ಟೆಲ್ಲ ಗಲಾಟೆಯ ನಡುವೆ ಇವರು ಆಟ ನೋಡುತ್ತಾರೆಯೇ ಎಂದು ಅನುಮಾನ ಪಡುವವರು ಒಂದು ಕ್ಷಣ ಕಿವಿಗೊಡಬೇಕು. ಒಮ್ಮೆ ನನ್ನ ಪಕ್ಕ ಕೂತಿದ್ದ ಲಿಸೇಯ್ ಅಭಿಮಾನಿ ಅಜ್ಜಿ, ಮ್ಯಾನೇಜರ್ ಎಡಗೈ ಪಿಚರನ್ನು ಕರೆಸುವ ಮೊದಲೇ ಅವನು ಯಾಕೆ ಬರಬೇಕು, ಯಾವ ಬ್ಯಾಟರ್ ಮುಗಿದ ಮೇಲೆ ಹೋಗಬೇಕು ಎಂದು ನನಗೆ ನಿಧಾನದ ಸ್ಪ್ಯಾನಿಷ್‌ನಲ್ಲಿ ವಿವರಿಸಿದರು. ಅದೇ ಆಯಿತು. ಅವರು ಅದನ್ನು ದೊಡ್ಡದು ಮಾಡಲಿಲ್ಲ, ಕಡಲೆಕಾಯಿ ಸುಲಿಯುತ್ತಾ ಮುಂದಿನ ಬ್ಯಾಟರ್ ಬಗ್ಗೆ ಹೇಳತೊಡಗಿದರು.

ಈ ಆಟಕ್ಕೆ ರಾಜಕೀಯದ ಕರಾಳ ನೆರಳೂ ಬಿದ್ದಿದೆ. 1930ರಿಂದ 1961ರಲ್ಲಿ ಕೊಲೆಯಾಗುವವರೆಗೆ ದೇಶವನ್ನು ಹಿಡಿದಿಟ್ಟ ಸರ್ವಾಧಿಕಾರಿ ತ್ರುಹಿಯೊ ರಾಜಧಾನಿಗೆ ತನ್ನದೇ ಹೆಸರಿಟ್ಟಿದ್ದ. ಆ ಹೆಸರಿನ ನಗರ ಬೇಸ್‌ಬಾಲ್‌ನಲ್ಲಿ ಸೋಲಬಾರದು ಎಂದು 1937ರಲ್ಲಿ ಬದ್ಧ ಎದುರಾಳಿಗಳಾದ ಲಿಸೇಯ್ ಮತ್ತು ಎಸ್ಕೊಹಿದೊಗಳನ್ನು ಕೂಡಿಸಿ ಒಂದೇ ತಂಡ ಮಾಡಲಾಯಿತು. ಅಮೆರಿಕದ ಮೇಜರ್ ಲೀಗ್‌ಗಳು ಆಗ ಕರಿಯ ಆಟಗಾರರಿಗೆ ಬಾಗಿಲು ಮುಚ್ಚಿದ್ದವು. ಅದು ತೆರೆದದ್ದು 1947ರಲ್ಲಿ, ಜಾಕಿ ರಾಬಿನ್ಸನ್ ಬಂದಾಗ. ಹೀಗೆ ಹೊರಗಿಡಲ್ಪಟ್ಟಿದ್ದ ಮಹಾನ್ ಆಟಗಾರರಾದ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್, ಕೂಲ್ ಪಾಪಾ ಬೆಲ್ ಅವರನ್ನು ಹಣ ಸುರಿದು ಕರೆಸಿಕೊಂಡರು. ರಾಜಧಾನಿ ಗೆದ್ದಿತು. ಆದರೆ ಆ ಒಂದು ವರ್ಷದ ಖರ್ಚಿಗೆ ಎಲ್ಲ ತಂಡಗಳೂ ಸುಸ್ತಾಗಿ, ದೇಶದಲ್ಲಿ ವೃತ್ತಿಪರ ಬೇಸ್‌ಬಾಲ್ 1951ರವರೆಗೆ ನಿಂತೇಹೋಯಿತು. ಕಿಸ್ಕೆಯಾ ಕ್ರೀಡಾಂಗಣ ತೆರೆದಾಗ ಅದಕ್ಕೂ ಇದ್ದದ್ದು ಅವನದೇ ಹೆಸರು. ಆ ಹೆಸರು ಅಳಿಸಿಹೋಗಿದೆ, ಎರಡು ತಂಡಗಳೂ ಉಳಿದಿವೆ.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸು ನಿಲ್ಲುವುದು ರಾಜಧಾನಿಯಲ್ಲಲ್ಲ, ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ ಸಾನ್ ಪೆದ್ರೊ ದೆ ಮಾಕೊರಿಸ್ ಪಟ್ಟಣದಲ್ಲಿ. ಕ್ರಿಕೆಟ್ ನೋಡಿ ಬೆಳೆದ ಕನ್ನಡಿಗರು ಈ ಊರನ್ನು ನೋಡಲೇಬೇಕು. ಇಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು. ಕಬ್ಬು ಕಡಿಯಲು, ಗಾಣ ನಡೆಸಲು ಸೇಂಟ್ ಕಿಟ್ಸ್, ನೇವಿಸ್, ಆಂಟಿಗುವಾದಂಥ ಬ್ರಿಟಿಷ್ ಆಳ್ವಿಕೆಯ ದ್ವೀಪಗಳಿಂದ ಕೂಲಿಕಾರರು ಬಂದರು. ಊರಿನವರು ಅವರನ್ನು ಕೊಕೊಲೊ ಎಂದು ಕರೆದರು. ಅವರು ತಮ್ಮ ಚರ್ಚು, ತಮ್ಮ ಕುಣಿತ, ತಮ್ಮ ಇಂಗ್ಲಿಷ್ ಜೊತೆಗೆ ಕ್ರಿಕೆಟ್ಟನ್ನೂ ತಂದರು. ಬಿಡುವಿನ ದಿನ ಕಾರ್ಖಾನೆಯ ಬಯಲುಗಳಲ್ಲಿ ವಿಕೆಟ್ ನೆಟ್ಟು ಆಡುತ್ತಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಸುತ್ತಲಿನ ಹುಡುಗರ ಜೊತೆ ಸೇರಿ ಬೇಸ್‌ಬಾಲ್ ಹಿಡಿದರು. 1970ರಲ್ಲಿ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ ಗೆದ್ದ ರಿಕೊ ಕಾರ್ಟಿ, 1979ರಲ್ಲಿ ಶ್ರೇಷ್ಠ ಹೊಸಬನ ಗೌರವ ಹಂಚಿಕೊಂಡ ಆಲ್ಫ್ರೆಡೊ ಗ್ರಿಫಿನ್, ಇಬ್ಬರೂ ಇಲ್ಲಿಯವರು. ಸ್ಪ್ಯಾನಿಷ್ ಮಾತಾಡುವ ಪಟ್ಟಣದಲ್ಲಿ ಕಾರ್ಟಿ, ಗ್ರಿಫಿನ್ ಎಂಬ ಮನೆತನದ ಹೆಸರುಗಳು ಆ ವಲಸೆಯ ಕಥೆಯನ್ನು ಇನ್ನೂ ಹೇಳುತ್ತಿವೆ. ಸ್ಯಾಮಿ ಸೋಸಾ, ಅಲ್ಫೊನ್ಸೊ ಸೊರಿಯಾನೊ, ಟೋನಿ ಫರ್ನಾಂಡಿಸ್ ಕೂಡ ಈ ಊರಿನ ಮಕ್ಕಳೇ. ನಾವು ವೆಸ್ಟ್ ಇಂಡೀಸ್ ಎಂದೊಡನೆ ನೆನೆಯುವ ರಿಚರ್ಡ್ಸ್, ಆಂಬ್ರೋಸ್ ಹುಟ್ಟಿದ್ದು ಅದೇ ಆಂಟಿಗುವಾದಲ್ಲಿ. ಅಲ್ಲಿಂದ ಯಾರ ಅಜ್ಜ ಯಾವ ಹಡಗು ಹತ್ತಿದ ಎನ್ನುವುದರ ಮೇಲೆ ಮೊಮ್ಮಗನ ಕೈಗೆ ಯಾವ ಬ್ಯಾಟ್ ಬಂತೆನ್ನುವುದು ತೀರ್ಮಾನವಾಗಿದೆ.

ಈ ಊರಿನ ತಂಡ ಎಸ್ಟ್ರೆಯಾಸ್ ಒರಿಯೆಂತಾಲೆಸ್, ಬಣ್ಣ ಹಸಿರು, ಲಾಂಛನ ಆನೆ. ಅವರ ಅಂಗಳಕ್ಕೆ ಟೆಟೆಲೊ ವರ್ಗಾಸ್ ಹೆಸರು. 1953ರಲ್ಲಿ 47ನೆಯ ವಯಸ್ಸಿನಲ್ಲಿ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ ಗೆದ್ದ ಮನುಷ್ಯ ಅವರು. ಇಷ್ಟೊಂದು ಆಟಗಾರರನ್ನು ಜಗತ್ತಿಗೆ ಕೊಟ್ಟ ಊರು 1968ರಲ್ಲಿ ಪ್ರಶಸ್ತಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2019ರ ಜನವರಿಯಲ್ಲಿ. ನಡುವೆ 51 ವರ್ಷ. ಆಗ ಮ್ಯಾನೇಜರ್ ಆಗಿದ್ದವರು ಫರ್ನಾಂಡೊ ಟಾಟಿಸ್. ಅವರ ಮಗ, ಅದೇ ಹೆಸರಿನ ಇಪ್ಪತ್ತರ ಹುಡುಗ, ತಂಡದ ಆಟಗಾರರಲ್ಲಿ ಒಬ್ಬ. ಅವನು ಮೇಜರ್ ಲೀಗ್‌ಗೆ ಕಾಲಿಟ್ಟದ್ದು ಅದಾದ ಎರಡು ತಿಂಗಳ ಮೇಲೆ. ನೀನು ಯಾರ ಕಡೆ ಎಂದು ಸ್ಯಾಂಟೊ ಡೊಮಿಂಗೊದ ಟ್ಯಾಕ್ಸಿ ಚಾಲಕರು ಕೇಳುತ್ತಲೇ ಇರುತ್ತಾರೆ. ಆನೆಯ ಕಡೆ ಎಂದರೆ ಅನುಕಂಪದಿಂದ ನೋಡುತ್ತಾರೆ. ನನ್ನ ಉತ್ತರ ಬದಲಾಗುವುದಿಲ್ಲ.

ಆಟದ ಗುಣಮಟ್ಟ ಹೇಗೆ ಎಂದು ಗಂಭೀರವಾಗಿ ಕೇಳುವವರಿಗೆ: ಪಿಚಿಂಗ್ ಮೇಜರ್ ಲೀಗ್ ಮಟ್ಟದ್ದಲ್ಲ, ಅಕ್ಟೋಬರ್, ನವೆಂಬರ್ ಪಂದ್ಯಗಳಲ್ಲಿ ತಪ್ಪುಗಳೂ ಇರುತ್ತವೆ. ಜನವರಿಯ ಹೊತ್ತಿಗೆ ಹೊರಬಿದ್ದ ತಂಡಗಳ ಒಳ್ಳೆಯ ಆಟಗಾರರನ್ನು ಉಳಿದ ನಾಲ್ಕು ತಂಡಗಳು ಆರಿಸಿ ಸೇರಿಸಿಕೊಳ್ಳುತ್ತವೆ, ಆಗ ಆಟ ಬಿಗಿಯಾಗುತ್ತದೆ. ಆದ್ದರಿಂದ ಒಂದೇ ಸಲ ಹೋಗುವುದಾದರೆ ಜನವರಿಯೇ ಸರಿ. ಊರಿಗೊಂದರಂತೆ ಎಲ್ಲ ಅಂಗಳಗಳನ್ನೂ ನೋಡಬೇಕೆಂದರೆ ಡಿಸೆಂಬರ್ ಮೊದಲ ವಾರಗಳು ಒಳ್ಳೆಯದು. ಕ್ರಿಸ್‌ಮಸ್ ಹತ್ತಿರ ವಿಮಾನ ಟಿಕೆಟ್ ದುಬಾರಿ, ಅನಿವಾಸಿ ಡೊಮಿನಿಕನ್ನರೆಲ್ಲ ಊರಿಗೆ ಹೊರಟಿರುತ್ತಾರೆ.

ನ್ಯೂಯಾರ್ಕಿನಿಂದ ನೇರ ವಿಮಾನ ಸುಮಾರು ನಾಲ್ಕು ಗಂಟೆಯಲ್ಲಿ ತಲುಪಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ವೀಸಾ ನಿಯಮವನ್ನು ಹೊರಡುವ ಮುನ್ನ ಡೊಮಿನಿಕನ್ ರಾಯಭಾರ ಕಚೇರಿಯ ಮಾಹಿತಿಯಲ್ಲೇ ನೋಡಿಕೊಳ್ಳಿ. ಸ್ಯಾಂಟೊ ಡೊಮಿಂಗೊದಿಂದ ಸಾಂತಿಯಾಗೊಗೆ ಒಳ್ಳೆಯ ಬಸ್ಸುಗಳಿವೆ, ಹವಾನಿಯಂತ್ರಣ ಎಷ್ಟು ಜೋರೆಂದರೆ ಸ್ವೆಟರ್ ಬೇಕೇಬೇಕು. ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ: ಬಾಳೆಕಾಯಿಯನ್ನು ಜಜ್ಜಿ ಎರಡು ಸಲ ಕರಿದ ತೊಸ್ತೋನೆಸ್, ಚೀಸ್ ತುಂಬಿದ ಪಾಸ್ತೆಲಿತೊ, ಕೊಕೊಲೊಗಳಿಂದಲೇ ಬಂದ ಯಾನಿಕೆಕೆ ಎಂಬ ಕರಿದ ಗೋಧಿ ರೊಟ್ಟಿ. ಬೇಯಿಸಿದ ಕಾಳಿಗೆ ಮಾಂಸ ಸೇರಿಸಿರಬಹುದು, ಕೇಳಿ ತಿನ್ನಿ. ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಬಹಳ ತಾಯಂದಿರು ಕೇಳುತ್ತಾರೆ. ಖಂಡಿತ. ಅಜ್ಜಿಯಿಂದ ಹಸುಗೂಸಿನವರೆಗೆ ಇಡೀ ಸಂಸಾರವೇ ಬಂದಿರುತ್ತದೆ. ಸದ್ದು ತಡೆಯದ ಮಗುವಿಗೆ ಕಿವಿಗೆ ಹಾಕಲು ಏನಾದರೂ ಇಟ್ಟುಕೊಳ್ಳಿ. ಪಂದ್ಯ ಮುಗಿಯುವಾಗ ರಾತ್ರಿ ಹತ್ತು ದಾಟಿರುತ್ತದೆ, ವಾಪಸು ಬರುವ ವಾಹನವನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು ಕ್ಷೇಮ.

ಇನ್ನು, ಎರಡೇ ಪಂದ್ಯ ನೋಡಲು ಸಮಯವಿದೆ, ಯಾವುದನ್ನು ನೋಡಲಿ ಎನ್ನುವವರು ಒಂದನ್ನು ಕಿಸ್ಕೆಯಾದಲ್ಲಿ ಲಿಸೇಯ್ ಆಡುವಾಗ ನೋಡಿ. ಇನ್ನೊಂದಕ್ಕೆ ಮಧ್ಯಾಹ್ನವೇ ಸಾನ್ ಪೆದ್ರೊಗೆ ಹೊರಡಿ. ಕಬ್ಬಿನ ಗದ್ದೆಗಳನ್ನು ಬೆಳಕಿರುವಾಗಲೇ ನೋಡಬೇಕು. ಮಕ್ಕಳು ಆಡುವ ಬಯಲುಗಳ ಹತ್ತಿರ ಸ್ವಲ್ಪ ಹೊತ್ತು ನಿಂತು, ಆಮೇಲೆ ಟೆಟೆಲೊ ವರ್ಗಾಸ್ ಅಂಗಳದಲ್ಲಿ ಹಸಿರು ಅಂಗಿಯವರ ನಡುವೆ ಹೋಗಿ ಕುಳಿತುಕೊಳ್ಳಿ.