ಮಳೆ ಹೆಸರಿನ ನಕ್ಷತ್ರಗಳು

2025ರ ಜನವರಿ ಕೊನೆ, ಅಮಾವಾಸ್ಯೆಗೆ ಒಂದು ದಿನ ಬಾಕಿ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದು ತೀರ್ಥಹಳ್ಳಿ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಪುಟ್ಟ ದೂರದರ್ಶಕ. ಸುಮಾರು ಒಂದು ಮೊಳ ಉದ್ದ, ಮುಂದಿನ ಮಸೂರ 80 ಮಿಲಿಮೀಟರ್. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವವರೆಗೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಚಿಕ್ಕಮ್ಮನ ಮನೆ ಆಗುಂಬೆ ದಾರಿಯಲ್ಲಿ, ಗುಡ್ಡೇಕೇರಿ ಹತ್ತಿರ. ಕುಂದಾದ್ರಿಗೆ ತಿರುಗುವ ಕಡೆ. ಬೆಟ್ಟದ ಮೇಲಿಂದ ನೋಡೋಣ ಅಂದುಕೊಂಡಿದ್ದೆ. ಆದರೆ ಅಂಗಳದಲ್ಲೇ ಇಷ್ಟು ಕತ್ತಲೆ ಇರುವಾಗ ಬೆಟ್ಟ ಯಾಕೆ ಬೇಕು ಅನ್ನಿಸಿತು.

ಸಂಜೆ ಪಶ್ಚಿಮಕ್ಕೆ ಅಡಿಕೆ ತೋಟ ಅಡ್ಡ. ಗದ್ದೆ ಬದುವಿಗೆ ಹೋಗಿ ನಿಂತೆ. ಶುಕ್ರ ಅರ್ಧಚಂದ್ರನ ಹಾಗೆ ಕಂಡ, ಅಂಚಿನಲ್ಲಿ ನೇರಳೆ ಬಣ್ಣ. ಎರಡೇ ಗಾಜಿನ ಸಾದಾ ಮಸೂರದಲ್ಲಿ ಎಲ್ಲ ಬಣ್ಣವೂ ಒಂದೇ ಕಡೆ ಸೇರುವುದಿಲ್ಲ, ಅದಕ್ಕೇ ಹೀಗೆ. ಕೆಳಗಿದ್ದ ಶನಿಯನ್ನು 40 ಪಟ್ಟು ದೊಡ್ಡದು ಮಾಡಿ ನೋಡಿದೆ. ಬಳೆ ಅಗಲವಾಗಿ ಕಾಣಲಿಲ್ಲ, ಮಣಿಗೆ ಸೂಜಿ ಚುಚ್ಚಿದ ಹಾಗಿತ್ತು. ಆ ಮಾರ್ಚ್‌ಗೆ ಬಳೆಯ ಅಂಚು ಭೂಮಿಯ ಕಡೆ ತಿರುಗುವುದಿತ್ತಲ್ಲ.

ನಿಜವಾದ ಸಂತೋಷ ಸಿಕ್ಕಿದ್ದು ಊಟದ ನಂತರ.

ಅಡಿಕೆ ಗೊನೆ ಕೊಯ್ಲು ಮುಗಿಯುತ್ತ ಬಂದಿತ್ತು. ಚಪ್ಪರದಡಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಮೇಲೆ ದೊಡ್ಡ ಬಲ್ಬು. ಅದು ಆರಿದರೆ ಅವರ ಕೆಲಸ ನಿಲ್ಲುತ್ತದೆ, ಕೇಳುವುದು ಹೇಗೆ? ಚಿಕ್ಕಮ್ಮನೇ ಹೇಳಿದರು, "ಕಾಫಿ ಹೊತ್ತಿಗೆ ಆರಿಸ್ತೀನಿ ಇರು."

ಎಂಟೂವರೆಗೆ ಬಲ್ಬು ಆರಿತು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಆಕಾಶ ತುಂಬಿಕೊಂಡಿತು. ಹಿರಿಯರೊಬ್ಬರು ಕಾಫಿ ಲೋಟ ಹಿಡಿದೇ ಹತ್ತಿರ ಬಂದರು. ನೆತ್ತಿಯ ಮೇಲಿನ ಪುಟ್ಟ ಗೊಂಚಲು ತೋರಿಸಿ, "ಅಕ್ಕಾ, ಅದು ಕೃತ್ತಿಕೆ" ಅಂದೆ.

"ಕೃತ್ತಿಕೆ ಮಳೆ ಅಂತೀವಲ್ಲ, ಆ ಕೃತ್ತಿಕೆಯಾ?"

ಹೌದು, ಅದೇ. ಅವರು ಹುಟ್ಟಿದಾಗಿನಿಂದ ಹೇಳುತ್ತ ಬಂದ ಮಳೆಗಳೆಲ್ಲ ಆ ರಾತ್ರಿ ಸಾಲಾಗಿ ತಲೆಯ ಮೇಲಿದ್ದವು. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆಗ ಸುರಿಯುವ ಮಳೆಗೆ ಅದರ ಹೆಸರು. ಹಾಗಾಗಿ ಮಳೆಗಾಲದಲ್ಲಿ ಮೋಡ ಇಲ್ಲದಿದ್ದರೂ ಆ ನಕ್ಷತ್ರ ಕಾಣುವುದಿಲ್ಲ, ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ. ಅದನ್ನು ನೋಡಬೇಕೆಂದರೆ ಚಳಿಗಾಲದ ರಾತ್ರಿಯೇ ಬೇಕು. ಆ ಹೊತ್ತಿಗೆ ಸುಲಿಯುವವರು ಬಲ್ಬಿನ ಕೆಳಗಿರುತ್ತಾರೆ.

16 ಪಟ್ಟು ಮಾತ್ರ ದೊಡ್ಡದಾಗಿಸುವ ಕಣ್ಮಸೂರ ಹಾಕಿದೆ. ಇಂಥ ದೂರದರ್ಶಕದ ಶಕ್ತಿ ಇರುವುದೇ ಇಲ್ಲಿ. ಜಾಸ್ತಿ ಹಿಗ್ಗಿಸಲು ಹೋದರೆ ಚಿತ್ರ ಮಂಕಾಗುತ್ತದೆ. ಕಮ್ಮಿ ಇಟ್ಟರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲದ ಆಕಾಶ ಒಂದೇ ನೋಟಕ್ಕೆ ಸಿಗುತ್ತದೆ. ಕೃತ್ತಿಕೆ ಪೂರ್ತಿ ಅದರೊಳಗೆ ಕೂತಿತು. ಬರಿಗಣ್ಣಿಗೆ ಆರೇಳು ಇದ್ದದ್ದು ಹತ್ತಾರು ನೀಲಿ ಚುಕ್ಕಿಗಳಾದವು. ಅಕ್ಕ ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ಹಿಂದೆ ಉಳಿದವರ ಸಾಲು ಬೆಳೆಯುತ್ತಿತ್ತು.

ರೋಹಿಣಿ ಪಕ್ಕ ಆ ವರ್ಷ ಗುರು ಇದ್ದ. ಅವನ ಚಂದ್ರರು ದಾರಕ್ಕೆ ಪೋಣಿಸಿದ ಹಾಗೆ ಒಂದೇ ಗೆರೆಯಲ್ಲಿದ್ದರು. ಆರಿದ್ರೆ ಕೆಂಡದ ಬಣ್ಣ. "ಆರಿದ್ರೆ ಮಳೆ ಆರದೆ ಹೊಯ್ಯುತ್ತೆ" ಅಂತ ಯಾರೋ ಗಾದೆ ಹೇಳಿದರು. ಅದರ ಕೆಳಗೆ ಮಹಾವ್ಯಾಧನ (ಒರಾಯನ್) ನೀಹಾರಿಕೆ, ಅಂದರೆ ಅನಿಲ, ಧೂಳಿನ ಮೋಡ. ಬೂದು ಹೊಗೆಯಂಥ ಮಸುಕು. ಅದರ ಬೆಳಕು ಹೊರಟು ಸುಮಾರು 1,300 ವರ್ಷ ಆಯಿತು ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬಲ್ಬು ಮತ್ತೆ ಹತ್ತಿತು. ನಾನು ಅಂಗಳದ ಕತ್ತಲೆ ಮೂಲೆಗೆ ಹೋದೆ. ಹತ್ತರ ಸುಮಾರಿಗೆ ಎಲ್ಲವೂ ಮಸುಕಾಯಿತು. ಮೋಡ ಅಂದುಕೊಂಡೆ. ಅಲ್ಲ, ಮಸೂರದ ಮೇಲೆ ಇಬ್ಬನಿ. ಮಲೆನಾಡಿನ ಚಳಿಗಾಲದಲ್ಲಿ ಇದು ತಪ್ಪಿದ್ದಲ್ಲ. ಬಟ್ಟೆಯಿಂದ ಒರೆಸಬಾರದು, ಲೇಪನಕ್ಕೆ ಗೀರು ಬೀಳುತ್ತದೆ. ಅಡಿಕೆ ಬೇಯಿಸಿದ ಒಲೆಯಲ್ಲಿ ಹೊಗೆ ಹೋಗಿ ಕೆಂಡ ಮಾತ್ರ ಉಳಿದಿತ್ತು. ಅದರಿಂದ ಎರಡು ಮಾರು ದೂರ ಸುಮ್ನೆ ಹಿಡಿದು ನಿಂತೆ. ಹತ್ತು ನಿಮಿಷಕ್ಕೆ ಮಸೂರ ತಿಳಿಯಾಯಿತು. ಒಂದು ಹಾಳೆ ಸುರುಳಿ ಸುತ್ತಿ ಕೊಳವೆಯ ತುದಿಗೆ ಕಟ್ಟಿದೆ, ಮತ್ತೆ ಬೇಗ ಇಬ್ಬನಿ ಕೂರಲಿಲ್ಲ.

ಅಷ್ಟರಲ್ಲಿ ಮೊದಲು ನೋಡಿದ ಅಕ್ಕ ಪಾಲಿನ ಅಡಿಕೆ ಮುಗಿಸಿ ಎದ್ದು ಬಂದರು. ಮನೆಗೆ ಹೊರಡುವ ಮುಂಚೆ ಒಂದು ಕೇಳಿದರು, "ಪುಷ್ಯ ಎಲ್ಲಿ ತಮ್ಮಾ?"

ಪುನರ್ವಸುವಿನ ಎರಡು ನಕ್ಷತ್ರ, ಅವುಗಳ ಸಾಲಿಗೇ ನಿಂತ ಕೆಂಪು ಮಂಗಳ. ಅದಕ್ಕೂ ಕೆಳಗೆ, ಪೂರ್ವಕ್ಕೆ ತಿರುಗಿಸಿದೆ. ಬರಿಗಣ್ಣಿಗೆ ಅಲ್ಲಿ ಅಂಥದ್ದೇನೂ ಇರಲಿಲ್ಲ, ಒಂದು ಮಂಜಿನ ಕಲೆ ಅಷ್ಟೇ. ಒಳಗೆ ನೋಡಿದರೆ ಚೆಲ್ಲಿದ ಅಕ್ಕಿಕಾಳಿನ ಹಾಗೆ ಒಂದು ಗುಚ್ಛ. ಅಕ್ಕ ಬಗ್ಗಿ ನೋಡಿದರು. ತಲೆ ಎತ್ತದೆಯೇ ಚಪ್ಪರದ ಕಡೆ ಕೈ ಬೀಸಿ ಉಳಿದವರನ್ನು ಕರೆದರು.